ಹೆಸರು ಹೇಳಿದರೆ ವಿವರಣೆ ಆಯಿತೇ?

2021ರ ಡಿಸೆಂಬರ್ ತಿಂಗಳಿನಲ್ಲಿ ನಮ್ಮ ಕರಾವಳಿಯ ಜನ ಸಂಜೆಯ ಆಕಾಶದಲ್ಲಿ ಒಂದು ಅಪರೂಪದ ನೋಟ ಕಂಡರು. ದಾರದಲ್ಲಿ ಪೋಣಿಸಿದ ಮಣಿಗಳ ಹಾಗೆ ಬೆಳಕಿನ ಚುಕ್ಕೆಗಳು ಒಂದರ ಹಿಂದೆ ಒಂದು ಸದ್ದಿಲ್ಲದೆ ಸಾಗಿ, ಕೆಲವೇ ನಿಮಿಷಗಳಲ್ಲಿ ಮರೆಯಾದವು. ಅದೇ ತಿಂಗಳ ಆರಂಭದಲ್ಲಿ ಪಂಜಾಬಿನ ಪಠಾಣ್‌ಕೋಟ್ ಕಡೆಯಲ್ಲೂ ಇಂಥದೇ ಸಾಲು ಕಂಡಿತ್ತು. ಮೊಬೈಲ್ ಫೋನುಗಳಲ್ಲಿ ತೆಗೆದ ಚಿತ್ರಗಳು ಊರಿಂದೂರಿಗೆ ಹರಿದಾಡಿದವು. ಹಾರುವ ತಟ್ಟೆ, ಕ್ಷಿಪಣಿ, ಡ್ರೋನ್ ಎಂದು ಇಂಥ ಸಂದರ್ಭಗಳಲ್ಲಿ ಕೇಳಿಬರುವ ಊಹೆಗಳೆಲ್ಲ ಬಂದವು. ಕೊನೆಗೆ ಉತ್ತರವೂ ಬಂತು: ಅವು ಸ್ಪೇಸ್‌ಎಕ್ಸ್ ಸಂಸ್ಥೆಯ ಸ್ಟಾರ್‌ಲಿಂಕ್ ಉಪಗ್ರಹಗಳು.

ಉತ್ತರ ಸರಿಯಾಗಿಯೇ ಇತ್ತು. ನನ್ನ ತಕರಾರು ಉತ್ತರದ ಮೇಲಲ್ಲ, ಅದನ್ನು ನಾವು ಸ್ವೀಕರಿಸಿದ ರೀತಿಯ ಮೇಲೆ. ಅಂದಿನಿಂದ ರಾತ್ರಿ ಆಕಾಶದಲ್ಲಿ ಏನು ಮಿನುಗಿದರೂ "ಓ, ಅದು ಸ್ಟಾರ್‌ಲಿಂಕ್" ಎನ್ನುವುದು ರೂಢಿಯಾಗಿದೆ. ಮೇಷ್ಟರು ಹಾಗೆ ಹೇಳುತ್ತಾರೆ, ಹುಡುಗರು ಬರೆದುಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ಹಿಂದೆ "ಕೊಳ್ಳಿದೆವ್ವ" ಎಂದೊಡನೆ ಮಾತು ಮುಗಿಯುತ್ತಿತ್ತಲ್ಲ, ಅದಕ್ಕೂ ಇದಕ್ಕೂ ವ್ಯತ್ಯಾಸವೇನು? ದೆವ್ವ ಇಲ್ಲ, ಉಪಗ್ರಹ ಇದೆ ಎಂದು ನೀವು ಹೇಳಬಹುದು. ಆದರೆ ಕೇಳಿದವನ ಮನಸ್ಸಿನಲ್ಲಿ ನಡೆದ ಕೆಲಸ ಎರಡು ಸಲವೂ ಒಂದೇ: ಒಂದು ಹೆಸರು ಸಿಕ್ಕಿತು, ಪ್ರಶ್ನೆ ನಿಂತಿತು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ಅದರ ತಿರುಳು ಇದ್ದದ್ದು ಹೇಳಿಕೆಯನ್ನು ಪರೀಕ್ಷೆಗೆ ಒಡ್ಡಬೇಕು ಎಂಬುದರಲ್ಲಿ. ಆ ನಿಯಮ ಪವಾಡ ಮಾಡುವವರಿಗೆ ಮಾತ್ರವಲ್ಲ, ವಿವರಣೆ ಕೊಡುವ ನಮಗೂ ಅನ್ವಯಿಸಬೇಕು.

ವಿವರಣೆ ಎನ್ನಿಸಿಕೊಳ್ಳಬೇಕಾದರೆ ಅದು "ಹೀಗೆ ಕಾಣಬೇಕು" ಎನ್ನುವುದರ ಜೊತೆಗೆ "ಹೀಗೆ ಕಾಣಕೂಡದು" ಎಂದೂ ಹೇಳಬೇಕು. 2021ರ ಪ್ರಕರಣವನ್ನೇ ನೋಡಿ. ಆ ತಿಂಗಳು ಡಿಸೆಂಬರ್ 2ರಂದು 48 ಮತ್ತು 18ರಂದು 52 ಸ್ಟಾರ್‌ಲಿಂಕ್ ಉಪಗ್ರಹಗಳು ಫಾಲ್ಕನ್-9 ರಾಕೆಟ್ಟುಗಳಲ್ಲಿ ಮೇಲೇರಿದವು. ಒಂದೇ ರಾಕೆಟ್ಟಿನಿಂದ ಹೊರಬಿದ್ದ ಉಪಗ್ರಹಗಳು ಮೊದಲ ಕೆಲವು ದಿನ ಒಂದೇ ಕಕ್ಷೆಯಲ್ಲಿ, ಹತ್ತಿರ ಹತ್ತಿರ, ಸಾಲಾಗಿ ಓಡುತ್ತವೆ. ಆಗ ಅವುಗಳ ಎತ್ತರ ಸುಮಾರು 200ರಿಂದ 350 ಕಿ.ಮೀ. ಆಮೇಲೆ ತಮ್ಮ ವಿದ್ಯುತ್ ನೋದಕಗಳ ನೆರವಿನಿಂದ ನಿಧಾನವಾಗಿ ಮೇಲೇರಿ, ಒಂದರಿಂದೊಂದು ದೂರ ಸರಿದು, ಸುಮಾರು 500 ಕಿ.ಮೀ. ಎತ್ತರದಲ್ಲಿ ನೆಲೆ ನಿಲ್ಲುತ್ತವೆ. ಬರಿಗಣ್ಣಿಗೆ ಕಾಣುವುದೂ ಕಷ್ಟವಾಗುತ್ತದೆ. ಆದ್ದರಿಂದ ಈ ವಿವರಣೆಯ ಮೊದಲ ಷರತ್ತು: ಹಿಂದಿನ ಕೆಲವೇ ದಿನಗಳಲ್ಲಿ ಉಡಾವಣೆ ನಡೆದಿರಬೇಕು. ಇನ್ನೊಂದು ಷರತ್ತೂ ಇದೆ. 300 ಕಿ.ಮೀ. ಎತ್ತರದ ವಸ್ತು ಸುಮಾರು ಸಾವಿರ ಕಿ.ಮೀ. ಆಚೆಯಿಂದಲೂ ದಿಗಂತದ ಮೇಲೆ 10 ಡಿಗ್ರಿಯಷ್ಟು ಎತ್ತರದಲ್ಲಿ ಕಾಣುತ್ತದೆ. ಒಂದೇ ಊರಿನವರಿಗೆ ಕಂಡು, ಮುಗಿಲಿಲ್ಲದ ಪಕ್ಕದ ಜಿಲ್ಲೆಯವರಿಗೆ ಕಾಣದಿದ್ದರೆ ಅದು ಉಪಗ್ರಹವಲ್ಲ. ಕರಾವಳಿಯ ದೃಶ್ಯ ಈ ಎರಡನ್ನೂ ದಾಟಿತು. ಆದರೆ ಯಾರಾದರೂ ಇವನ್ನು ಕೇಳಿದರೇ?

ಈಗ ಪರೀಕ್ಷೆಯನ್ನು ಒಂದು ಗೊತ್ತಾದ ಜಾಗಕ್ಕೆ ಒಯ್ಯೋಣ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ನಡುವೆ ಉತ್ತರ-ದಕ್ಷಿಣವಾಗಿ ಚಾಚಿರುವ ಬಿಳಿಗಿರಿರಂಗನ ಬೆಟ್ಟ ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಬೆಂಗಳೂರು ಇಲ್ಲಿಂದ ನೇರವಾಗಿ ಸುಮಾರು 120 ಕಿ.ಮೀ., ಮೈಸೂರು 60 ಕಿ.ಮೀ.ಗೂ ಹೆಚ್ಚು ದೂರ. ಸುತ್ತ ಹುಲಿ ಸಂರಕ್ಷಿತ ಅರಣ್ಯ. ನಗರದವರು ಮರೆತಿರುವ ಕತ್ತಲೆ ಇಲ್ಲಿ ಇನ್ನೂ ಉಳಿದಿದೆ. ಈ ಬೆಟ್ಟದಲ್ಲಿ ನಿಂತ ಒಬ್ಬರು ನಡುರಾತ್ರಿ, ಸರಿಯಾಗಿ ನೆತ್ತಿಯ ಮೇಲೆ, ಬೆಳಕಿನ ಸಾಲೊಂದನ್ನು ಚಿತ್ರೀಕರಿಸಿ ನಿಮಗೆ ಕಳುಹಿಸಿದರು ಎಂದಿಟ್ಟುಕೊಳ್ಳಿ. "ಸ್ಟಾರ್‌ಲಿಂಕ್" ಎನ್ನುತ್ತೀರಾ?

ಅವಸರ ಬೇಡ, ಲೆಕ್ಕ ಹಾಕಿ. ಉಪಗ್ರಹಕ್ಕೆ ಸ್ವಂತ ಬೆಳಕಿಲ್ಲ; ನಮಗೆ ಕಾಣುವುದು ಅದರ ಮೇಲೆ ಬಿದ್ದ ಬಿಸಿಲು. ನಮಗೆ ರಾತ್ರಿಯಾಗಿ, ಉಪಗ್ರಹಕ್ಕೆ ಇನ್ನೂ ಹಗಲಿದ್ದರೆ ಮಾತ್ರ ಅದು ಕಾಣುತ್ತದೆ. ಎಷ್ಟು ಹೊತ್ತು? ಭೂಮಿಯ ತ್ರಿಜ್ಯ 6,371 ಕಿ.ಮೀ. ಇದನ್ನು ತ್ರಿಜ್ಯ ಮತ್ತು ಉಪಗ್ರಹದ ಎತ್ತರಗಳ ಮೊತ್ತದಿಂದ ಭಾಗಿಸಿ. ಬಂದ ಸಂಖ್ಯೆ ಯಾವ ಕೋನದ ಕೊಸೈನ್ ಆಗಿದೆಯೋ, ಸೂರ್ಯ ದಿಗಂತದ ಕೆಳಗೆ ಅಷ್ಟು ಕೋನ ಇಳಿಯುವವರೆಗೆ ನೆತ್ತಿಯ ಮೇಲಿನ ಉಪಗ್ರಹ ಬೆಳಗುತ್ತದೆ. ಹತ್ತನೆಯ ತರಗತಿಯ ತ್ರಿಕೋನಮಿತಿ ಇದಕ್ಕೆ ಸಾಕು. 300 ಕಿ.ಮೀ. ಎತ್ತರಕ್ಕೆ ಉತ್ತರ 17 ಡಿಗ್ರಿ ಚಿಲ್ಲರೆ, 500 ಕಿ.ಮೀ.ಗೆ 22 ಡಿಗ್ರಿ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಹೆಚ್ಚು ಓರೆಯಾಗದೆ, ಬಹುಮಟ್ಟಿಗೆ ನೇರವಾಗಿಯೇ ಮುಳುಗುವುದರಿಂದ ಈ ಕೋನಗಳನ್ನು ಬೇಗ ದಾಟಿಬಿಡುತ್ತಾನೆ. ಬಿಳಿಗಿರಿರಂಗನ ಬೆಟ್ಟದಲ್ಲಿ 300 ಕಿ.ಮೀ. ಎತ್ತರದ ಸಾಲು ಸೂರ್ಯಾಸ್ತದ ನಂತರ 70ರಿಂದ 80 ನಿಮಿಷ, 500 ಕಿ.ಮೀ. ಎತ್ತರದ್ದು 90ರಿಂದ 100 ನಿಮಿಷ ನೆತ್ತಿಯಲ್ಲಿ ಕಾಣಬಲ್ಲದು. ವರ್ಷದ ಯಾವ ತಿಂಗಳಾದರೂ ಹೆಚ್ಚುಕಡಿಮೆ ಇಷ್ಟೇ. ಬೆಳಗಿನ ಜಾವ ಸೂರ್ಯೋದಯಕ್ಕೆ ಮುಂಚೆ ಮತ್ತೆ ಅಷ್ಟೇ ಹೊತ್ತು. ನಡುರಾತ್ರಿಯಲ್ಲಿ, ಜೂನ್ ತಿಂಗಳಿನಲ್ಲೂ, ಸೂರ್ಯ ಇಲ್ಲಿ ದಿಗಂತಕ್ಕಿಂತ ಸುಮಾರು 54 ಡಿಗ್ರಿ ಕೆಳಗಿರುತ್ತಾನೆ. ಆಗ ನೆತ್ತಿಯ ಮೇಲಿನ ವಸ್ತುವಿಗೆ ಬಿಸಿಲು ತಾಗಬೇಕಾದರೆ ಅದು 4,600 ಕಿ.ಮೀ.ಗೂ ಎತ್ತರದಲ್ಲಿರಬೇಕು. ಸ್ಟಾರ್‌ಲಿಂಕ್ ಅಲ್ಲಿಗೆ ಹೋಗುವುದಿಲ್ಲ. ಹಾಗಾಗಿ ನಿಮಗೆ ಬಂದ ಚಿತ್ರ ಬೇರೇನಾದರೂ ಆಗಿರಬಹುದು, ಅಥವಾ ಬೇರೆ ಹೊತ್ತಿನದು, ಬೇರೆ ಊರಿನದು ಆಗಿರಬಹುದು. ಹೇಳಿದ ಹೊತ್ತು, ಹೇಳಿದ ಜಾಗದಲ್ಲಿ ಅದು ಸ್ಟಾರ್‌ಲಿಂಕ್ ಸಾಲಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಸ್ಟಾರ್‌ಲಿಂಕ್‌ನ ಮೊದಲ 60 ಉಪಗ್ರಹಗಳ ತಂಡ ಹಾರಿದ್ದು 2019ರ ಮೇ 24ರಂದು. ಅದನ್ನು ಜಗತ್ತಿಗೆ ತೋರಿಸಿದ ಚಲನಚಿತ್ರ ನೆದರ್ಲೆಂಡ್ಸ್‌ನ ಲೈಡನ್ ನಗರದಿಂದ ಮಾರ್ಕೊ ಲಾಂಗ್‌ಬ್ರೂಕ್ ಅವರು ತೆಗೆದದ್ದು. ಆಗ ಅಲ್ಲಿನ ಗಡಿಯಾರದಲ್ಲಿ ಮಧ್ಯರಾತ್ರಿ ದಾಟಿತ್ತು! ಲೈಡನ್ 52 ಡಿಗ್ರಿ ಅಕ್ಷಾಂಶದಲ್ಲಿದೆ. ಮೇ ತಿಂಗಳ ಕೊನೆಯಲ್ಲಿ ಅಲ್ಲಿ ನಟ್ಟಿರುಳಿನಲ್ಲೂ ಸೂರ್ಯ 17 ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ. ಅಂದಿನ ಉಪಗ್ರಹಗಳ ಎತ್ತರ ಸುಮಾರು 440 ಕಿ.ಮೀ., ಅದಕ್ಕೆ ಮಿತಿ 20 ಡಿಗ್ರಿಗೂ ಹೆಚ್ಚು. ಅವು ರಾತ್ರಿಯಿಡೀ ಬೆಳಗಬಹುದಿತ್ತು. ಲೈಡನ್‌ಗೆ ಹೊಂದುವ ವಿವರಣೆಯನ್ನು ಅಕ್ಷಾಂಶ ನೋಡದೆ ಯಳಂದೂರಿಗೆ ತಂದರೆ ಅದು ತಪ್ಪಾಗುತ್ತದೆ. ನಮ್ಮ ಪಾಠಗಳಲ್ಲಿ ಯೂರೋಪಿನ ಆಕಾಶವನ್ನೇ ನಮ್ಮ ಆಕಾಶವೆಂದು ಬರೆಯುವ ಚಾಳಿ ಹಳೆಯದು.

ದಿಕ್ಕನ್ನೂ ನೋಡಿ. ಸ್ಟಾರ್‌ಲಿಂಕ್‌ನ ಬಹುಪಾಲು ಉಪಗ್ರಹಗಳ ಕಕ್ಷೆ ಸಮಭಾಜಕಕ್ಕೆ 53 ಡಿಗ್ರಿಗಳಷ್ಟೋ 43 ಡಿಗ್ರಿಗಳಷ್ಟೋ ಓರೆಯಾಗಿದೆ. 53 ಡಿಗ್ರಿಯವು ನಮ್ಮ ಮೇಲೆ ಹಾಯುವಾಗ ಉತ್ತರದಿಂದ ಪೂರ್ವಕ್ಕೆ ಸುಮಾರು 35 ಡಿಗ್ರಿ ವಾಲಿ ನೈರುತ್ಯದಿಂದ ಈಶಾನ್ಯಕ್ಕೆ, ಇಲ್ಲವೇ ಅದೇ ಓರೆಯಲ್ಲಿ ವಾಯವ್ಯದಿಂದ ಆಗ್ನೇಯಕ್ಕೆ ಸಾಗಬೇಕು. 43 ಡಿಗ್ರಿಯವು ಇನ್ನೂ ಹತ್ತು ಡಿಗ್ರಿ ಹೆಚ್ಚು ವಾಲುತ್ತವೆ. ಧ್ರುವಗಳ ಮೇಲೆ ಹಾಯುವ ಕೆಲವು ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ಹೋಗುತ್ತವೆ. ಪೂರ್ವದಿಂದ ಪಶ್ಚಿಮಕ್ಕೆ ಹೊರಟ ಸಾಲು ಯಾವ ಲೆಕ್ಕಕ್ಕೂ ಬರುವುದಿಲ್ಲ. ವೇಗದ ವಿಷಯ: 300 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ 7.7 ಕಿ.ಮೀ. ಓಡುವ ವಸ್ತು ನೆತ್ತಿಯಲ್ಲಿ ಸೆಕೆಂಡಿಗೆ ಒಂದೂವರೆ ಡಿಗ್ರಿಯಷ್ಟು ಸರಿಯುತ್ತದೆ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಆ ಮುಷ್ಟಿಯನ್ನು ದಾಟಲು 7 ಸೆಕೆಂಡು ಬೇಕು. ಎರಡೇ ಸೆಕೆಂಡಿನಲ್ಲಿ ದಾಟಿದ್ದು ಬಹಳ ಕೆಳಗಿದೆ. ಒಂದು ನಿಮಿಷ ತೆಗೆದುಕೊಂಡದ್ದು ಗಾಳಿಯಲ್ಲಿ ತೇಲುತ್ತಿರಬಹುದು. ಇನ್ನು ಎಣಿಕೆ. 2021ರಲ್ಲಿ ಒಂದು ಉಡಾವಣೆಯಲ್ಲಿ ಐವತ್ತರ ಆಸುಪಾಸು ಇರುತ್ತಿದ್ದವು; 2023ರಿಂದ ಹಾರುತ್ತಿರುವ ಭಾರವಾದ ಮಾದರಿಯಲ್ಲಿ ಸಾಲು ಇಪ್ಪತ್ತು-ಮೂವತ್ತಕ್ಕೆ ಇಳಿದಿದೆ.

ಒಂದು ಅಪವಾದವನ್ನು ಮುಚ್ಚಿಡಬಾರದು. ನೆಲೆ ನಿಂತ ಸ್ಟಾರ್‌ಲಿಂಕ್ ಉಪಗ್ರಹಗಳು ಸೂರ್ಯ ಸುಮಾರು 40 ಡಿಗ್ರಿ ಕೆಳಗಿರುವಾಗಲೂ, ಸೂರ್ಯನಿರುವ ದಿಕ್ಕಿನ ದಿಗಂತಕ್ಕೆ ತೀರ ಹತ್ತಿರದಲ್ಲಿ, ಕನ್ನಡಿಯಂತೆ ಬಿಸಿಲನ್ನು ಪ್ರತಿಫಲಿಸಿ ಕೆಲವು ಸೆಕೆಂಡು ಫಳಕ್ಕನೆ ಹೊಳೆಯುತ್ತವೆ. 2022ರಿಂದೀಚೆಗೆ ವಿಮಾನ ಚಾಲಕರು ಚಿತ್ರೀಕರಿಸಿದ, ಒಂದೇ ಜಾಗದಲ್ಲಿ ಮೂಡಿ ಮೂಡಿ ಆರುವ ದೀಪಗಳಲ್ಲಿ ಅನೇಕವು ಇವೇ. ಬೆಟ್ಟದ ಮೇಲೆ ಡಿಸೆಂಬರಿನಲ್ಲಿ ಇದಕ್ಕೆ ತಕ್ಕ ಹೊತ್ತು ರಾತ್ರಿ 9ರ ಆಸುಪಾಸು. ದಿಕ್ಕು ಪಶ್ಚಿಮದಿಂದ ತುಸು ನೈರುತ್ಯಕ್ಕೆ. ಇಲ್ಲಿಯೂ ವಿವರಣೆ ತನ್ನ ಹೊತ್ತು ಮತ್ತು ದಿಕ್ಕನ್ನು ಮುಂಚಿತವಾಗಿ ಹೇಳುತ್ತದೆ ಎಂಬುದನ್ನು ಗಮನಿಸಿ. ನೆತ್ತಿಯ ಮೇಲಿನ ಸಾಲಿಗೆ ಇದನ್ನು ಅಂಟಿಸುವಂತಿಲ್ಲ.

ಬಲ್ಲವರು ಹೇಳಿದ್ದಾರೆ, ಸಾಲದೇ ಎನ್ನುವವರಿಗೆ 2022ರ ಏಪ್ರಿಲ್ 2ರ ರಾತ್ರಿಯನ್ನು ನೆನಪಿಸಬೇಕು. ಮಹಾರಾಷ್ಟ್ರ ಮತ್ತು ಮಧ್ಯಪ್ರದೇಶದ ಹಲವೆಡೆ ಉರಿಯುವ ತುಣುಕುಗಳ ಗೊಂಚಲೊಂದು ಆಕಾಶವನ್ನು ಹಾದುಹೋಯಿತು. ಮೊದಲು ಬಂದ ವಿವರಣೆ ಉಲ್ಕಾಪಾತ. ಅದೇ ದಿನ ನ್ಯೂಜಿಲೆಂಡಿನಿಂದ ಹಾರಿದ ರಾಕೆಟ್ಟಿನ ಭಾಗ ಎಂದರು ಕೆಲವರು. ಕೊನೆಗೆ ಕಕ್ಷೆಯ ಲೆಕ್ಕದಿಂದ ಖಗೋಳವಿಜ್ಞಾನಿ ಜೊನಾಥನ್ ಮೆಕ್‌ಡೊವೆಲ್ ತೋರಿಸಿಕೊಟ್ಟದ್ದು, 2021ರ ಫೆಬ್ರುವರಿಯಲ್ಲಿ ಹಾರಿದ್ದ ಚೀನಾದ ಚಾಂಗ್‌ಜೆಂಗ್-3ಬಿ ರಾಕೆಟ್ಟಿನ ಮೂರನೆಯ ಹಂತವನ್ನು. ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನಲ್ಲಿ ದೊಡ್ಡ ಲೋಹದ ಬಳೆಯೊಂದು ಬಿದ್ದದ್ದು ಸಿಕ್ಕಿತು. ಬಳೆ ಸಿಗುವ ಮುಂಚೆಯೂ ಉಲ್ಕೆಯ ವಿವರಣೆಯನ್ನು ಚಿತ್ರದಿಂದಲೇ ತಳ್ಳಿಹಾಕಬಹುದಿತ್ತು. ಉಲ್ಕೆಯ ವೇಗ ಸೆಕೆಂಡಿಗೆ 11 ಕಿ.ಮೀ.ಗಿಂತ ಕಡಿಮೆಯಿಲ್ಲ, 70 ಕಿ.ಮೀ. ದಾಟುವುದೂ ಉಂಟು, ಕೆಲವೇ ಸೆಕೆಂಡುಗಳಲ್ಲಿ ಅದರ ಆಟ ಮುಗಿಯುತ್ತದೆ. ಕಕ್ಷೆಯಿಂದ ಬೀಳುವ ರಾಕೆಟ್ಟಿನ ಭಾಗ ಸುಮಾರು 8 ಕಿ.ಮೀ. ವೇಗದಲ್ಲಿ, ಭೂಮಿಗೆ ಬಹುಮಟ್ಟಿಗೆ ಸಮಾಂತರವಾಗಿ ವಾತಾವರಣವನ್ನು ಹೊಕ್ಕು, ಒಡೆದು, ಒಂದು ನಿಮಿಷದ ಆಸುಪಾಸು ಉರಿಯುತ್ತ ಸಾಗುತ್ತದೆ. ಕೈಗಡಿಯಾರ ನೋಡಿದ್ದರೆ ಸಾಕಿತ್ತು.

ಮತ್ತೆ ಬೆಟ್ಟಕ್ಕೆ ಬನ್ನಿ. ಇಲ್ಲಿ ಕಾಣಬಹುದಾದ ದೀಪಗಳ ಪಟ್ಟಿ ಬೇರೆ ಊರುಗಳ ಪಟ್ಟಿಯಂತಲ್ಲ. ಕೆಳಗಿನ ಬಯಲಿಗಿಂತ ನೂರಾರು ಮೀಟರ್ ಎತ್ತರದಲ್ಲಿ ನಿಂತವನಿಗೆ ದಿಗಂತ ಸುಮಾರು ನೂರು ಕಿ.ಮೀ. ದೂರಕ್ಕೆ ಸರಿಯುತ್ತದೆ. ಮಬ್ಬು ಕವಿದ ರಾತ್ರಿ ನೆಲವೆಲ್ಲಿ ಮುಗಿಯಿತು, ಆಕಾಶವೆಲ್ಲಿ ಶುರುವಾಯಿತು ಎಂಬುದು ತಿಳಿಯುವುದಿಲ್ಲ. ದೂರದ ಊರಿನ ಬೀದಿದೀಪಗಳೂ ಗಾಳಿಯಲ್ಲಿ ತೂಗಿದಂತೆ ಕಾಣುತ್ತವೆ. ಬೆಂಗಳೂರಿನಿಂದ ಕೊಯಮತ್ತೂರು, ಕೊಚ್ಚಿ ಕಡೆಗೆ ಹೋಗುವ ವಿಮಾನಗಳು ಈ ಸೀಮೆಯ ಮೇಲೆ ಹಾಯುತ್ತವೆ. ನಮ್ಮತ್ತ ಮುಖ ಮಾಡಿದ ವಿಮಾನದ ದೀಪ ನಿಮಿಷಗಟ್ಟಲೆ ಅಲ್ಲಾಡದೆ ನಿಂತಂತೆ ಇರುತ್ತದೆ. ಶ್ರೀಹರಿಕೋಟಾ ಇಲ್ಲಿಂದ ಸುಮಾರು 380 ಕಿ.ಮೀ. ದೂರ. ಭೂಮಿಯ ಬಾಗನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಅಲ್ಲಿಂದ ಏಳುವ ರಾಕೆಟ್ಟು ಹನ್ನೆರಡು ಕಿ.ಮೀ. ಮೇಲೇರುವಷ್ಟರಲ್ಲಿ ಈ ಬೆಟ್ಟದ ಈಶಾನ್ಯ ದಿಗಂತವನ್ನು ದಾಟಿರಬೇಕು. 2022ರ ಅಕ್ಟೋಬರ್ 23ರ ರಾತ್ರಿ 12 ಗಂಟೆ 7 ನಿಮಿಷಕ್ಕೆ ಅಲ್ಲಿಂದ 36 ಒನ್‌ವೆಬ್ ಉಪಗ್ರಹಗಳು ಹಾರಿದವು. 2024ರ ಡಿಸೆಂಬರ್ 30ರ ರಾತ್ರಿ 10 ಗಂಟೆಗೆ ಸ್ಪೇಡೆಕ್ಸ್ ಜೋಡಿ. ಇವು ನಡುರಾತ್ರಿಯಲ್ಲೂ ಕಾಣಬಲ್ಲವು. ಏಕೆಂದರೆ ಇಲ್ಲಿ ಬೆಳಕು ಸೂರ್ಯನದಲ್ಲ, ಎಂಜಿನ್ನಿನ ಜ್ವಾಲೆಯದು.

ಎಲ್ಲಕ್ಕಿಂತ ಈ ಬೆಟ್ಟಕ್ಕೇ ಸೇರಿದ ದೀಪಸಾಲು ಇನ್ನೊಂದಿದೆ: ಬೆಂಕಿ. ಬೇಸಿಗೆಯಲ್ಲಿ ಒಣಗಿದ ಹುಲ್ಲಿಗೆ ಕಿಡಿ ಬಿದ್ದರೆ ಉರಿ ಒಂದು ಗೆರೆಯಾಗಿ ಗುಡ್ಡದ ಓರೆಯನ್ನು ಏರುತ್ತದೆ. ರಾತ್ರಿ ಗುಡ್ಡ ಕಾಣುವುದಿಲ್ಲ, ಗೆರೆ ಮಾತ್ರ ಕಾಣುತ್ತದೆ. ಅಲ್ಲಲ್ಲಿ ಮರ ಅಡ್ಡ ಬಂದು ಗೆರೆ ತುಂಡಾದರೆ ಆಕಾಶದಲ್ಲಿ ತೂಗುಹಾಕಿದ ದೀಪಮಾಲೆಯೇ ಸರಿ. ಇಲ್ಲಿನ ಸೋಲಿಗರು ಹಿಂದೆ ಬೇಸಿಗೆ ಬಲಿಯುವ ಮುಂಚೆಯೇ ನೆಲದ ತರಗಿಗೆ ಹದವಾಗಿ ಬೆಂಕಿ ಇಡುತ್ತಿದ್ದರು. ಅದಕ್ಕೆ ತರಗುಬೆಂಕಿ ಎಂದು ಹೆಸರು. 1974ರಲ್ಲಿ ಕಾಡು ವನ್ಯಜೀವಿ ಧಾಮವಾದ ಮೇಲೆ ಅದು ನಿಂತಿತು. ಆದರೆ ಯಾವ ಉರಿ ಯಾವ ಗುಡ್ಡದ ಯಾವ ಮಗ್ಗುಲಲ್ಲಿದೆ ಎಂದು ದೂರದಿಂದಲೇ ಹೇಳಬಲ್ಲ ಹಿರಿಯರು ಪೋಡುಗಳಲ್ಲಿ ಇದ್ದಾರೆ.

ಇಲ್ಲಿ ನನಗೆ ನಮ್ಮದೇ ಬಳಗದ ಒಂದು ಮಾತಿನ ವರಸೆ ಹಿಡಿಸುವುದಿಲ್ಲ. ವಿಚಿತ್ರ ಬೆಳಕಿನ ಸುದ್ದಿ ಬಂದೊಡನೆ "ಹಳ್ಳಿಯವರು ಏನನ್ನೋ ಕಂಡು ಬೆಚ್ಚಿದ್ದಾರೆ" ಎಂದು ಶುರುಮಾಡುತ್ತೇವೆ. ಕಾಡಿನ ಅಂಚಿನಲ್ಲಿ ಬದುಕುವವನಿಗೆ ಆ ಕತ್ತಲಿನ ಪರಿಚಯ ನಗರದ ತಜ್ಞನಿಗಿಂತ ಹೆಚ್ಚು. ಅವನು "ಇದು ಬೆಂಕಿಯಲ್ಲ, ವಿಮಾನವಲ್ಲ" ಎಂದರೆ ಅದು ಮೂಢನಂಬಿಕೆಯಲ್ಲ, ದತ್ತಾಂಶ. ಯಾವ ದಿಕ್ಕು, ಎಷ್ಟು ಹೊತ್ತು, ಎಲ್ಲಿ ಮರೆಯಾಯಿತು ಎಂದು ಅವನನ್ನು ಕೇಳಬೇಕು. ಗಾಬರಿಯಾದವನು ದೂರ ಮತ್ತು ಗಾತ್ರಗಳನ್ನು ತಪ್ಪಾಗಿ ಹೇಳಬಹುದು. ಕತ್ತಲಲ್ಲಿ ಒಂಟಿ ಚುಕ್ಕೆಯನ್ನೇ ದಿಟ್ಟಿಸಿದರೆ ಅದು ಚಲಿಸಿದಂತೆ ಭಾಸವಾಗುವುದೂ ನಿಜ. ಆದರೆ "ಆ ಅರಳಿಮರದ ತುದಿಯಿಂದ ದೇವಸ್ಥಾನದ ಗೋಪುರದವರೆಗೆ" ಎಂದು ಹೇಳುವುದರಲ್ಲಿ ಜನ ತಪ್ಪುವುದು ಕಡಿಮೆ. ಮರುದಿನ ಹಗಲಿನಲ್ಲಿ ಅವನೊಂದಿಗೆ ಅದೇ ಜಾಗದಲ್ಲಿ ನಿಂತು ಆ ಕೋನವನ್ನು ಅಳೆಯಬಹುದು.

ಚಿತ್ರವಿರುವಾಗ ಸಾಕ್ಷಿಯ ಮಾತೇಕೆ ಎನ್ನುತ್ತೀರಾ? ಚಿತ್ರವೂ ಒಬ್ಬ ಸಾಕ್ಷಿಯೇ, ಅದಕ್ಕೂ ಪಾಟೀಸವಾಲು ಬೇಕು. ಬೀದಿದೀಪ ಚೌಕಟ್ಟಿನ ಒಂದು ಬದಿಯಲ್ಲಿದ್ದರೆ ಮಸೂರಗಳ ನಡುವಿನ ಪ್ರತಿಫಲನದಿಂದ ಎದುರು ಬದಿಯಲ್ಲಿ ಹಸಿರು ಚುಕ್ಕೆ ಮೂಡುತ್ತದೆ. ಫೋನು ಅಲ್ಲಾಡಿದಾಗ ದೀಪ ಒಂದು ಕಡೆಗೆ, ಚುಕ್ಕೆ ಇನ್ನೊಂದು ಕಡೆಗೆ ಓಡುತ್ತದೆ. ಶುಕ್ರಗ್ರಹವನ್ನು ಎಳೆದು ದೊಡ್ಡದು ಮಾಡಿದರೆ ನಾಭಿ ತಪ್ಪಿ ಉಬ್ಬಿದ ತಟ್ಟೆಯಾಗುತ್ತದೆ. ಕೈಯಿಂದ ಕೈಗೆ ದಾಟಿ ಬಂದ ಕಡತದಲ್ಲಿ ತೆಗೆದ ಹೊತ್ತು ಅಳಿಸಿಹೋಗಿರುತ್ತದೆ. ಹೊತ್ತು, ದಿಕ್ಕು, ಜಾಗ ಈ ಮೂರೂ ಇಲ್ಲದ ಚಿತ್ರ ಎಷ್ಟೇ ಸ್ಪಷ್ಟವಿದ್ದರೂ ನೆರಳಿನ ಲೆಕ್ಕಕ್ಕಾಗಲಿ ದಿಕ್ಕಿನ ಲೆಕ್ಕಕ್ಕಾಗಲಿ ಒದಗುವುದಿಲ್ಲ. ಅವು ಇದ್ದರೆ ಮಸುಕು ಚಿತ್ರವೂ ಮಾತಾಡುತ್ತದೆ. ಅಮೆರಿಕದ ನೌಕಾಪಡೆಯ ವಿಮಾನ 2015ರಲ್ಲಿ ತೆಗೆದ, ಸಮುದ್ರದ ಮೇಲೆ ಮಿಂಚಿನ ವೇಗದಲ್ಲಿ ಓಡುವಂತೆ ಕಾಣುವ ವಸ್ತುವಿನ ಅವಕೆಂಪು ಚಿತ್ರವೊಂದು ವರ್ಷಗಟ್ಟಲೆ ಚರ್ಚೆಗೆ ಗ್ರಾಸವಾಗಿತ್ತು. ಪರದೆಯ ಮೇಲೆಯೇ ಕ್ಯಾಮೆರಾದ ಕೋನ, ವಸ್ತುವಿನ ದೂರ, ವಿಮಾನದ ಎತ್ತರ ಮತ್ತು ವೇಗ ಅಚ್ಚಾಗಿದ್ದವು. 2023ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟ ನಾಸಾದ ಸ್ವತಂತ್ರ ತಂಡ ಅವುಗಳಿಂದ ತ್ರಿಭುಜಗಳನ್ನು ಬಿಡಿಸಿತು. ವಸ್ತು ಸಮುದ್ರಕ್ಕೆ ಹತ್ತಿರವಿರಲಿಲ್ಲ, 13,000 ಅಡಿ ಮೇಲಿತ್ತು. ಅದರ ವೇಗ ಗಂಟೆಗೆ ಸುಮಾರು 64 ಕಿ.ಮೀ. ಓಡುತ್ತಿದ್ದದ್ದು ಬಹುಪಾಲು ವಿಮಾನ. ರೈಲಿನ ಕಿಟಕಿಯಲ್ಲಿ ಮರಗಳು ಓಡಿದಂತೆ ವಸ್ತು ಓಡಿತ್ತು. ಆ ವಸ್ತು ಏನೆಂದು ತಂಡ ಹೆಸರಿಸಲಿಲ್ಲ. ನನ್ನ ದೃಷ್ಟಿಯಲ್ಲಿ ಇದು ಮಾದರಿ ವಿವರಣೆ: ಹೆಸರಿಲ್ಲ, ಅಳತೆ ಇದೆ.

ಹೆಸರು ಸಿಗದೇ ಉಳಿಯುವುದೂ ಉಂಟು. ನಾರ್ವೆಯ ಹೆಸ್‌ಡಾಲೆನ್ ಕಣಿವೆಯಲ್ಲಿ 1980ರ ದಶಕದ ಆರಂಭದಲ್ಲಿ ಪದೇ ಪದೇ ಬೆಳಕುಗಳು ಕಂಡವು. 1984ರಲ್ಲಿ ಉಪಕರಣಗಳೊಂದಿಗೆ ಹೋಗಿ ನೋಡಿದರು. 1998ರಲ್ಲಿ ಸ್ವಯಂಚಾಲಿತ ಕ್ಯಾಮೆರಾ ಕೇಂದ್ರವನ್ನೇ ನೆಟ್ಟರು. ಕೆಲವು ಬೆಳಕುಗಳು ವಾಹನಗಳದ್ದು, ವಿಮಾನಗಳದ್ದು ಎಂದು ತಿಳಿಯಿತು. ಉಳಿದವಕ್ಕೆ ಹಲವು ಊಹೆಗಳಿವೆ, ಎಲ್ಲರೂ ಒಪ್ಪಿದ ವಿವರಣೆ ಇಲ್ಲ. ನಮ್ಮ ವಿಜ್ಞಾನ ಸಂಘಗಳ ದಾಖಲೆ ಪುಸ್ತಕದಲ್ಲೂ "ಮಾಹಿತಿ ಸಾಲದು" ಎಂಬ ಕಲಮಿಗೆ ಜಾಗ ಬೇಕು. ಈಗಂತೂ ಎಲ್ಲವನ್ನೂ "ಸ್ಟಾರ್‌ಲಿಂಕ್" ಎಂಬ ಕಲಮಿಗೆ ತಳ್ಳುವುದು ಸುಲಭ. ಇದುವರೆಗೆ ಹಾರಿದ ಆ ಉಪಗ್ರಹಗಳ ಸಂಖ್ಯೆಯೇ ಹತ್ತು ಸಾವಿರ ಮೀರಿದೆ.

ಶಿಕ್ಷಕರು ಮಾಡಿಸಬಹುದಾದ ಒಂದು ಕೆಲಸ ಹೇಳುತ್ತೇನೆ. ಬೆಟ್ಟಕ್ಕೂ ಕೊಳ್ಳೇಗಾಲಕ್ಕೂ ನೇರ ದೂರ ಸುಮಾರು 17 ಕಿ.ಮೀ. ರಾತ್ರಿ ಕಾಡಿನ ರಸ್ತೆಯಲ್ಲಿ ಓಡಾಡಲು ನಿರ್ಬಂಧವಿರುವುದರಿಂದ ಬೆಟ್ಟದ ಪೋಡುಗಳ ಮಕ್ಕಳು ತಮ್ಮ ಅಂಗಳದಲ್ಲಿ, ಕೊಳ್ಳೇಗಾಲದ ಮಕ್ಕಳು ತಮ್ಮ ಮನೆಯ ಮಾಳಿಗೆಯ ಮೇಲೆ ನಿಲ್ಲಲಿ. ಸೂರ್ಯಾಸ್ತದ ನಂತರ ಒಂದು ಗಂಟೆಯೊಳಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವೋ ಉಪಗ್ರಹಗಳ ಸಾಲೋ ನೆತ್ತಿಯ ಹತ್ತಿರ ಹಾಯುವ ದಿನವನ್ನು ಆರಿಸಿಕೊಳ್ಳಿ. ಫೋನಿನಲ್ಲಿ ಮಾತಾಡುತ್ತ, ಒಬ್ಬರು "ಈಗ" ಎಂದ ಕ್ಷಣದಲ್ಲಿ ಅದು ಯಾವ ನಕ್ಷತ್ರದ ಪಕ್ಕದಲ್ಲಿತ್ತು ಎಂದು ಇಬ್ಬರೂ ಗುರುತು ಹಾಕಿಕೊಳ್ಳಲಿ. ವಸ್ತು 300 ಕಿ.ಮೀ. ಎತ್ತರದಲ್ಲಿದ್ದರೆ ಕೊಳ್ಳೇಗಾಲದವರಿಗೆ ಅದು ಬೆಟ್ಟದವರು ಕಂಡ ಜಾಗಕ್ಕಿಂತ ಮೂರು ಡಿಗ್ರಿ ಚಿಲ್ಲರೆ ದಕ್ಷಿಣಕ್ಕೆ, ಅಂದರೆ ಆರು ಪೂರ್ಣಚಂದ್ರರನ್ನು ಸಾಲಾಗಿಟ್ಟಷ್ಟು ಸರಿದು ಕಾಣಬೇಕು. 10 ಕಿ.ಮೀ. ಎತ್ತರದ ವಿಮಾನವಾದರೆ ಈ ಪಲ್ಲಟ 60 ಡಿಗ್ರಿಯಷ್ಟಾಗುತ್ತದೆ. ಅರ್ಧ ಕಿ.ಮೀ. ಎತ್ತರದಲ್ಲಿ ತೇಲುವ ಕಾಗದದ ದೀಪವಾದರೆ ಬೆಟ್ಟದ ಮಗು "ಈಗ" ಎಂದಾಗ ಕೊಳ್ಳೇಗಾಲದ ಮಗುವಿನ ನೆತ್ತಿಯ ಆಕಾಶದಲ್ಲಿ ಏನೂ ಇರುವುದಿಲ್ಲ.